ಗಮ್ಮಲ್ಲೂ ನಿಕೋಟಿನ್ ಇದೆಯಲ್ಲ, ಮತ್ತೆ ಹಾರ್ಟ್‌ಗೆ?

1/10

ಮೊನ್ನೆ ಸ್ಟೋರಿಯಲ್ಲಿ ನಿಕೋಟಿನ್ ಗಮ್ಮಿನ ಒಂದು ಸ್ಟ್ರಿಪ್ ಹಾಕಿ "ಅಪ್ಪನ ಹೊಸ ಚಟ" ಅಂತ ಬರೆದಿದ್ದೆ. ಬರೆದದ್ದು ತಮಾಷೆಗೆ. ಬಂದ ಮೆಸೇಜ್‌ಗಳಲ್ಲಿ ಒಂದೂ ತಮಾಷೆಯದಾಗಿರಲಿಲ್ಲ.

"ನಮ್ಮ ಮಾವಂಗೂ ಸ್ಟೆಂಟ್ ಹಾಕಿದಾರೆ, ಇದು ಕೊಡಬಹುದಾ?"

"ಅದರಲ್ಲೂ ನಿಕೋಟಿನ್ ಇದೆಯಲ್ಲೇ, ಹಾರ್ಟ್‌ಗೆ ಅದೇ ತಾನೇ ವಿಷ?"

"ಸಿಗರೇಟ್ ಬಿಟ್ಟು ಗಮ್ಮು ಹಿಡ್ಕೊಂಡ್ರೆ ಏನು ಬಂತು?"

ಆಮೇಲೆ ರಾತ್ರಿ ಹನ್ನೊಂದೂವರೆಗೆ ನಮ್ಮ ಕ್ಲಾಸಿನವರೇ ಒಬ್ಬರು: "ನಂಗೂ ಬಿಡಬೇಕು. ಯಾರಿಗೂ ಹೇಳಬೇಡ."

ಹೇಳಲ್ಲ. ಆದರೆ ಉತ್ತರ ಎಲ್ಲರಿಗೂ ಬೇಕು ಅನ್ನಿಸಿತು. ಅದಕ್ಕೇ ಈ ಸರಣಿ, ಹತ್ತು ಭಾಗ.

ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ಬಿಕಾಂ ಹುಡುಗಿ. ನನಗೆ ಬರೋದು ಒಂದೇ ಕೆಲಸ, ಒಂದು ಖಾತೆಯಲ್ಲಿರೋದನ್ನ ಇನ್ನೊಂದು ಖಾತೆಗೆ ಸೇರಿಸದೆ ಬರೆಯೋದು. ಈ ವಿಷಯಕ್ಕೆ ಬೇಕಾಗಿದ್ದೂ ಅದೇ ಅಂತ ಆಮೇಲೆ ಗೊತ್ತಾಯ್ತು. ನಿಕೋಟಿನ್ನಿನ ಖಾತೆ ಬೇರೆ, ಹೊಗೆಯ ಖಾತೆ ಬೇರೆ. ಎರಡನ್ನೂ ಒಂದೇ ತಲೆಬರಹದ ಕೆಳಗೆ ಬರೆದಿರೋದ್ರಿಂದಲೇ ನಮ್ಮ ಮನೆಗಳಲ್ಲಿ ಇಷ್ಟು ಗೊಂದಲ.

ಓದಿ. ನಿಮಗೆ ಬೇಡದಿದ್ರೆ ನಿಮ್ಮ ಅಪ್ಪಂಗೋ, ಮಾವಂಗೋ, ಹಾಸ್ಟೆಲ್ ರೂಮ್‌ಮೇಟ್‌ಗೋ ಬೇಕಾಗಬಹುದು.

2/10

ನಮ್ಮೂರು ತಿಪಟೂರು ಅಂತ ನಿಮಗೆಲ್ಲ ಗೊತ್ತು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಇಪ್ಪತ್ತಾರು ವರ್ಷದ ಸರ್ವೀಸು. ಹರಾಜಿನ ದಿನ ಬೆಳಿಗ್ಗೆಯಿಂದ ತೂಕ, ಚೀಟಿ, ಪಟ್ಟಿ, ನಡುವೆ ಟೀ, ಟೀ ಜೊತೆ ಸಿಗರೇಟು. ದಿನಕ್ಕೆ ಹದಿನೈದು ಅಂತ ಅಪ್ಪನೇ ಹೇಳೋ ಲೆಕ್ಕ. ಅವರು ಲೆಕ್ಕದಲ್ಲಿ ಸುಳ್ಳು ಹೇಳೋರಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಎದೆ ಉರಿ ಶುರುವಾಯ್ತು. ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿದರು. ಎಡಗೈ ಭಾರ ಆಯ್ತು, ಶರ್ಟು ಬೆವರಿಗೆ ಒದ್ದೆ. ಮಂಡಿಯ ಹಮಾಲಿ ಒಬ್ಬರು ನೋಡಿ, ಮಾತೇ ಆಡದೆ ಬೈಕಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದರು. ಇಸಿಜಿ ತೆಗೆದರು, ರಕ್ತದ ಗರಣೆ ಕರಗಿಸೋ ಇಂಜೆಕ್ಷನ್ ಕೊಟ್ಟರು, ಆಂಬ್ಯುಲೆನ್ಸಲ್ಲಿ ಬೆಂಗಳೂರು. ಮಾರನೇ ದಿನ ಒಂದು ಸ್ಟೆಂಟ್.

(ತಾಲ್ಲೂಕು ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಉಚಿತವಾಗಿ ಸಿಗೋದು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ. ಇದನ್ನ ಮಾತ್ರ ನೆನಪಿಟ್ಟುಕೊಳ್ಳಿ. ಎದೆ ಉರಿ ಜೊತೆ ಬೆವರು, ಕೈ ನೋವು ಇದ್ರೆ ಸೋಡಾ ಕುಡೀತಾ ಕೂರಬೇಡಿ.)

ಅಪ್ಪನಿಗೆ ಆಗ 51. ನಮ್ಮ ಕಡೆಯವರಿಗೆ ಇದು ಬೇಗ ಬರುತ್ತೆ. 2004ರಲ್ಲಿ ಬಂದ ಇಂಟರ್‌ಹಾರ್ಟ್ ಅನ್ನೋ ಅಧ್ಯಯನ 52 ದೇಶಗಳಲ್ಲಿ ನಡೆದದ್ದು. ಅದರ ಮುಂದಾಳು ಸಲೀಂ ಯೂಸುಫ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಐದಾರು ವರ್ಷ ಮೊದಲೇ ಆಗುತ್ತೆ ಅಂತ ಅದರಲ್ಲಿ ಕಂಡುಬಂತು. ಎಲ್ಲ ದೇಶಗಳಲ್ಲೂ ಮೇಲಿನ ಸಾಲಿನ ಕಾರಣಗಳಲ್ಲಿ ಒಂದು ಧೂಮಪಾನ.

3/10

ಈಗ ಖಾತೆ ಬೇರೆ ಮಾಡೋಣ. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಹೃದಯದ ಲೆಕ್ಕಕ್ಕೆ ಮುಖ್ಯವಾದವು ಕೆಲವೇ.

ಒಂದು, ಕಾರ್ಬನ್ ಮೊನಾಕ್ಸೈಡ್. ಎಲೆ ಉರಿದಾಗ ಹುಟ್ಟೋ ಅನಿಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಬಸ್ಸಲ್ಲಿ ನಿಮ್ಮ ಸೀಟಿಗೆ ಟವೆಲ್ ಹಾಕಿ ಕೂತವರು ಏಳೋದೇ ಇಲ್ಲವಲ್ಲ, ಹಾಗೆ. ಹೃದಯಕ್ಕೆ ಹೋಗಬೇಕಾದ ಆಮ್ಲಜನಕ ನಿಂತ್ಕೊಂಡೇ ಇರಬೇಕು.

ಎರಡು, ರಕ್ತನಾಳದ ಒಳಪದರ. ಆರೋಗ್ಯವಾಗಿದ್ದಾಗ ನುಣ್ಣಗೆ ಇರುತ್ತೆ, ಬೇಕಾದಾಗ ಹಿಗ್ಗುತ್ತೆ. ಹೊಗೆಯ ಕಣಗಳು, ಆಕ್ಸಿಡೆಂಟ್‌ಗಳು ಅದನ್ನ ಗಾಯ ಮಾಡ್ತವೆ. ಗಾಯ ಆದ ಕಡೆ ಕೊಬ್ಬು ಕೂರುತ್ತೆ.

ಮೂರು, ಪ್ಲೇಟ್‌ಲೆಟ್. ಗಾಯ ಆದಾಗ ರಕ್ತ ಹೆಪ್ಪುಗಟ್ಟಿಸೋ ಕಣಗಳು. ಹೊಗೆ ಇವನ್ನ ಅಂಟಂಟಾಗಿ ಮಾಡುತ್ತೆ. ಕೊಬ್ಬು ಕೂತ ಜಾಗ ಬಿರುಕು ಬಿಟ್ಟಾಗ ಅಲ್ಲಿ ಗರಣೆ ಕಟ್ಟಿದರೆ ಅದೇ ಹೃದಯಾಘಾತ.

ನಾಲ್ಕು, ನಿಕೋಟಿನ್. ಇದು ದೇಹದಲ್ಲಿ ಅಡ್ರಿನಲಿನ್ ಬಿಡಿಸುತ್ತೆ. ನಾಡಿ ಜೋರಾಗುತ್ತೆ, ಬಿಪಿ ಏರುತ್ತೆ, ರಕ್ತನಾಳ ಸ್ವಲ್ಪ ಬಿಗಿಯುತ್ತೆ. ಜೊತೆಗೆ ಚಟ ಹಿಡಿಸೋದೂ ಇದೇ.

ನೋಡಿದ್ರಾ? ನಾಲ್ಕು ಬಾಬ್ತು. ನಿಕೋಟಿನ್ ಸಾಧು ಅಂತ ನಾನು ಹೇಳ್ತಿಲ್ಲ, ಅದೂ ಖರ್ಚಿನ ಕಡೆಯೇ ಇದೆ. ಆದರೆ ಮೊದಲ ಮೂರೂ ಬರೋದು ಮುಖ್ಯವಾಗಿ ಉರಿಯೋ ಎಲೆಯಿಂದ, ಹೊಗೆಯಿಂದ. ಗಮ್ಮಲ್ಲಿ ಏನೂ ಉರಿಯಲ್ಲ.

ಹಾಂ, "ಬೀಡಿ ಬರೀ ಎಲೆ, ಏನೂ ಆಗಲ್ಲ" ಅನ್ನೋ ಮಾತು ಮಂಡಿಯಲ್ಲಿ ದಿನಾ ಕೇಳ್ತೀನಿ. ಬೀಡಿ ಆರದೇ ಇರಬೇಕಂದ್ರೆ ಜೋರಾಗಿ, ಪದೇ ಪದೇ ಎಳೀಬೇಕು. ಅದರ ಹೊಗೆಯಲ್ಲಿ ಟಾರು, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಮ್ಮಿಯಲ್ಲ, ಜಾಸ್ತಿಯೇ.

4/10

ಹಾಗಾದ್ರೆ ಗಮ್ಮಿನ ಐಡಿಯಾ ಯಾರಿಗೆ ಬಂತು? ಈ ಕಥೆ ನನಗೆ ತುಂಬಾ ಇಷ್ಟ.

ಸ್ವೀಡನ್. 1967. ನೌಕಾಪಡೆಯ ಆರೋಗ್ಯದ ಬಗ್ಗೆ ಕೆಲಸ ಮಾಡ್ತಿದ್ದ ಕ್ಲಾಸ್ ಲುಂಡ್‌ಗ್ರೆನ್ ಅನ್ನೋ ವೈದ್ಯರು ಊವೆ ಫರ್ನೋ ಅನ್ನೋ ಗೆಳೆಯರಿಗೆ ಒಂದು ಪತ್ರ ಬರೆದರು. ಫರ್ನೋ ಒಂದು ಔಷಧ ಕಂಪನಿಯಲ್ಲಿದ್ದವರು. ಪತ್ರದ ಸಾರ ಇಷ್ಟು: ಜಲಾಂತರ್ಗಾಮಿಯೊಳಗೆ ಸಿಗರೇಟ್ ಹಚ್ಚೋ ಹಾಗಿಲ್ಲ. ಅಲ್ಲಿ ಸೇದುವ ನಾವಿಕರು ಬಾಯಲ್ಲಿ ಇಟ್ಟುಕೊಳ್ಳೋ ತಂಬಾಕಿಗೆ ಸುಲಭವಾಗಿ ಬದಲಾಗ್ತಾರೆ. ಅಂದ್ರೆ ಅವರಿಗೆ ಬೇಕಾಗಿದ್ದು ಹೊಗೆಯಲ್ಲ, ನಿಕೋಟಿನ್. ಹಾಗಾದರೆ ಹೊಗೆಯೂ ಇಲ್ಲದೆ, ತಂಬಾಕೂ ಇಲ್ಲದೆ ಬರೀ ನಿಕೋಟಿನ್ ಕೊಟ್ಟರೆ?

ಅಲ್ಲಿಂದ ಹುಟ್ಟಿದ್ದು ಗಮ್ಮು. 1978ರಲ್ಲಿ ಮೊದಲು ಸ್ವಿಟ್ಜರ್ಲೆಂಡಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು, 1984ರಲ್ಲಿ ಅಮೆರಿಕದಲ್ಲಿ. ಚರ್ಮಕ್ಕೆ ಅಂಟಿಸೋ ಪಟ್ಟಿ, ಅಂದ್ರೆ ಪ್ಯಾಚ್, ತೊಂಬತ್ತರ ದಶಕದಲ್ಲಿ ಬಂತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ಪ್ಯಾರಾಸಿಟಮಾಲ್ ಇರೋ ಪಟ್ಟಿ ಅದು.

ಬ್ರಿಟನ್ನಿನ ಮೈಕಲ್ ರಸೆಲ್ ಅನ್ನೋ ಮನೋವೈದ್ಯರು 1976ರಲ್ಲೇ ಹೇಳಿದ್ದರು: ಜನ ಸೇದೋದು ನಿಕೋಟಿನ್ನಿಗಾಗಿ, ಸಾಯೋದು ಟಾರಿನಿಂದ ಅಂತ.

ಇನ್ನೊಂದು ವ್ಯತ್ಯಾಸ ವೇಗದ್ದು. ಸಿಗರೇಟಿನ ನಿಕೋಟಿನ್ ಶ್ವಾಸಕೋಶದ ಮೂಲಕ ಹತ್ತಿಪ್ಪತ್ತು ಸೆಕೆಂಡಲ್ಲಿ ಮೆದುಳು ಮುಟ್ಟುತ್ತೆ. ಒಂದು ಏಟು ಬಿದ್ದ ಹಾಗೆ. ಆ ಏಟೇ ಚಟ ಹಿಡಿಸೋದು. ಗಮ್ಮಿನದ್ದು ಬಾಯಿಯ ಒಳಚರ್ಮದಿಂದ ಮೆಲ್ಲಗೆ ಇಳಿಯುತ್ತೆ, ಪೂರ್ತಿ ಏರೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಏರೋ ಮಟ್ಟವೂ ಕಮ್ಮಿ. ಸಿಗರೇಟ್ ಜಡಿಮಳೆ ಆದ್ರೆ ಇದು ಹನಿ ನೀರಾವರಿ. ತೆಂಗಿನ ತೋಟ ಇರೋರಿಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

5/10

ಈಗ ನಮ್ಮ ಮನೆಯ ಗಲಾಟೆಗೆ ಬರ್ತೀನಿ.

ಆಸ್ಪತ್ರೆಯಿಂದ ಬಂದ ಮೊದಲ ಎರಡು ವಾರ ಅಪ್ಪ ಸಿಗರೇಟಿನ ಹೆಸರೇ ಎತ್ತಲಿಲ್ಲ. ಭಯ ಇತ್ತು. ಮೂರನೇ ವಾರ ಭಯ ಸ್ವಲ್ಪ ಇಳಿಯಿತು, ತಲಬು ಎದ್ದಿತು. ಅಮ್ಮನ ಮೇಲೆ ಸಿಡಿಮಿಡಿ, ರಾತ್ರಿ ನಿದ್ದೆಯಿಲ್ಲ, ಊಟಕ್ಕೆ ಕೂತರೆ ಎದ್ದು ಹೊರಗೆ ಹೋಗಿ ಬೇಲಿ ಹತ್ತಿರ ನಿಲ್ಲೋದು. ಚೆಕಪ್‌ಗೆ ಹೋದಾಗ ಡಾಕ್ಟರ್ ಎಲ್ಲ ಕೇಳಿ 2 ಮಿಲಿಗ್ರಾಂ ಗಮ್ಮು ಬರೆದರು.

ಮನೆಗೆ ತಂದ ಮಾರನೇ ದಿನವೇ ದೊಡ್ಡಪ್ಪ ಬಂದರು. ಸ್ಟ್ರಿಪ್ ಹಿಂದೆ ತಿರುಗಿಸಿ ಓದಿದರು. "ಲೋ, ಇದ್ರಲ್ಲೂ ನಿಕೋಟಿನ್ನೇ ಬರ್ದೈತಲ್ಲೋ. ಹಾರ್ಟಿಗೆ ಸ್ಟೆಂಟ್ ಹಾಕ್ಸ್ಕೊಂಡು ವಿಷ ಜಗೀತೀಯಾ?"

ಅಷ್ಟೇ. ಗಮ್ಮು ಬೀರು ಸೇರಿತು. ಐದನೇ ದಿನ ಅಪ್ಪ ಸಂಜೆ ಮನೆಗೆ ಬಂದಾಗ ಬಾಯಲ್ಲಿ ಏಲಕ್ಕಿ ವಾಸನೆ. ಇಪ್ಪತ್ತಾರು ವರ್ಷದಿಂದ ಅಮ್ಮಂಗೆ ಆ ಏಲಕ್ಕಿಯ ಅರ್ಥ ಗೊತ್ತು. ಅವಳು ಬೈಯಲಿಲ್ಲ. ಒಳಗೆ ಹೋಗಿ ಬಿಪಿ ಮಾತ್ರೆ ತಂದು ಕೈಯಲ್ಲಿಟ್ಟು, "ನೀವು ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ" ಅಂದಳು.

ಮುಂದಿನ ಚೆಕಪ್‌ಗೆ ನಾನೂ ಹೋದೆ. ದೊಡ್ಡಪ್ಪನ ಮಾತನ್ನೇ ಡಾಕ್ಟರ ಮುಂದಿಟ್ಟೆ. ಅವರು ನಕ್ಕು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ನಿಮ್ಮ ಅಣ್ಣ ಕೇಳಿದ್ದು ಒಳ್ಳೇ ಪ್ರಶ್ನೆ. ಆದ್ರೆ ನೀವು ಗಮ್ಮು ಬಿಟ್ಟು ನಿಕೋಟಿನ್ ಬಿಟ್ರಾ? ಇಲ್ಲ. ಹೊಗೆ ಜೊತೆ ತಗೊಂಡ್ರಿ. ನಿಮ್ಮ ಮುಂದಿರೋದು ನಿಕೋಟಿನ್ ಬೇಕಾ ಬೇಡ್ವಾ ಅನ್ನೋದಲ್ಲ. ಗಮ್ಮಾ, ಸಿಗರೇಟಾ ಅನ್ನೋದು."

ಕಾಸ್ಟಿಂಗ್ ಕ್ಲಾಸಲ್ಲಿ ನಮಗೆ ಹೇಳ್ಕೊಡೋದೂ ಇದೇ ಅಲ್ವಾ? ಒಂದು ಆಯ್ಕೆಯನ್ನ ಸೊನ್ನೆ ಜೊತೆ ಹೋಲಿಸಬೇಡಿ, ನಿಜವಾಗಿ ಎದುರಿಗಿರೋ ಇನ್ನೊಂದು ಆಯ್ಕೆ ಜೊತೆ ಹೋಲಿಸಿ ಅಂತ.

6/10

ಡಾಕ್ಟರ್ ಹೇಳಿದ್ದು ಸಾಲದೆ ನಾನು ಕಾಲೇಜ್ ಲೈಬ್ರರಿ ವೈಫೈನಲ್ಲಿ ಕೂತು ಓದಿದೆ. ದೊಡ್ಡಪ್ಪನ ಪ್ರಶ್ನೆ ಹಳೆಯದು. 1992ರಲ್ಲಿ ಅಮೆರಿಕದಲ್ಲಿ ಪ್ಯಾಚ್ ಹಾಕ್ಕೊಂಡೇ ಸಿಗರೇಟ್ ಸೇದಿದ ಕೆಲವರಿಗೆ ಹೃದಯಾಘಾತ ಆಯ್ತು ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಗಿತ್ತು. ಜನ ಹೆದರಿದರು. ಆಮೇಲೆ ಪರೀಕ್ಷೆಗಳು ನಡೆದವು.

1996ರಲ್ಲಿ ಪ್ರಕಟವಾದ ಒಂದರಲ್ಲಿ ಅಮೆರಿಕದ ಮಾಜಿ ಸೈನಿಕರ 10 ಆಸ್ಪತ್ರೆಗಳ 584 ಹೃದ್ರೋಗಿಗಳಿದ್ದರು. ಕೆಲವರಿಗೆ ನಿಜವಾದ ನಿಕೋಟಿನ್ ಪ್ಯಾಚ್, ಉಳಿದವರಿಗೆ ಸಪ್ಪೆ ಪ್ಯಾಚ್. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿಲ್ಲ. ನಿಕೋಟಿನ್ ಸಿಕ್ಕವರಲ್ಲಿ ಹೃದಯದ ತೊಂದರೆ ಹೆಚ್ಚಾಗಲಿಲ್ಲ. 2018ರಲ್ಲಿ ಬಂದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ 8,000ಕ್ಕೂ ಹೆಚ್ಚು ಜನ. ಅಲ್ಲೂ ಪ್ಯಾಚ್‌ನಿಂದ ಹೃದಯದ ಅಪಾಯ ಏರಿದ್ದು ಕಾಣಲಿಲ್ಲ.

ಉಪಯೋಗ ಇದೆಯಾ? ಇದೆ. ಗಮ್ಮು, ಪ್ಯಾಚ್ ಇತ್ಯಾದಿ ಬಳಸಿದವರು ಸಿಗರೇಟ್ ಬಿಡೋದರಲ್ಲಿ ಗೆಲ್ಲೋ ಸಾಧ್ಯತೆ ಸುಮಾರು 50ರಿಂದ 60 ಶೇಕಡಾ ಹೆಚ್ಚು ಅಂತ ನೂರಕ್ಕೂ ಹೆಚ್ಚು ಪರೀಕ್ಷೆಗಳನ್ನ ಕೂಡಿಸಿ ನೋಡಿದಾಗ ಸಿಕ್ಕ ಲೆಕ್ಕ. ಎಲ್ಲರೂ ಗೆಲ್ತಾರೆ ಅಂತಲ್ಲ. ಸುಮ್ಮನೆ ಹಠದ ಮೇಲೆ ಬಿಡೋರಿಗಿಂತ ಜಾಸ್ತಿ ಜನ ಗೆಲ್ತಾರೆ ಅಂತ.

ಆದರೆ ಎಚ್ಚರ ಬೇಕಾದವರು ಇದ್ದಾರೆ. ಹೃದಯಾಘಾತ ಆಗಿ ಎರಡು ವಾರದೊಳಗಿರೋರು, ಎದೆಬಡಿತದ ಲಯ ಗಂಭೀರವಾಗಿ ತಪ್ಪಿರೋರು, ಎದೆನೋವು ದಿನೇ ದಿನೇ ಹೆಚ್ಚಾಗ್ತಿರೋರು, ಗರ್ಭಿಣಿಯರು. ಇವರೆಲ್ಲ ಮೆಡಿಕಲ್ ಶಾಪಿಗೆ ಹೋಗೋ ಮೊದಲು ಡಾಕ್ಟರ ಹತ್ರ ಹೋಗಬೇಕು. ಹೃದಯದ ಮಾತ್ರೆ ನುಂಗ್ತಿರೋ ಯಾರೇ ಆದರೂ ಒಂದು ಮಾತು ಕೇಳೋದೇ ಒಳ್ಳೇದು. ಇಡೀ ಸರಣಿಯಲ್ಲಿ ಇದೊಂದು ಸಾಲನ್ನ ಸ್ಕ್ರೀನ್‌ಶಾಟ್ ತೆಗೆದುಕೊಂಡರೂ ಸಾಕು.

ಒಂದಿನವೂ ಸೇದದವರು "ಹೇಗಿರುತ್ತೆ ನೋಡೋಣ" ಅಂತ ಗಮ್ಮು ಬಾಯಿಗೆ ಹಾಕಬೇಡಿ. ಇದು ಚಟ ಬಿಡಿಸೋ ಔಷಧಿ. ಚಟ ಇಲ್ಲದವರಿಗೆ ಇದು ಬೇಡದ ಸಾಲ.

7/10

ಈಗ ಎಲ್ಲರೂ ಎಡವೋ ಜಾಗ, ಗಮ್ಮು ಜಗಿಯೋ ರೀತಿ.

ಅಪ್ಪ ಮೊದಲ ದಿನ ಬಬಲ್ ಗಮ್ ಥರ ಚಪ್ ಚಪ್ ಅಂತ ಜಗಿದು, "ಇದೇನಮ್ಮ, ಮೆಣಸಿನ ಕಷಾಯ ಇದ್ದಂಗೈತೆ, ಬಿಕ್ಕಳಿಕೆ ಬರ್ತಾ ಐತೆ" ಅಂದರು. ಬರದೆ ಇರುತ್ತಾ? ಹಾಗೆ ಜಗಿದರೆ ನಿಕೋಟಿನ್ ಎಲ್ಲ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತೆ. ಹೊಟ್ಟೆಯಲ್ಲಿ ಅದು ಮಾಡೋದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ತಲಬು ಹಾಗೇ ಇರುತ್ತೆ. ಹೃದಯದ ಪೇಷಂಟ್‌ಗೆ ಎದೆಯುರಿ ಬಂದರೆ ಮನೆಯವರೆಲ್ಲ ಗಾಬರಿ, ಅದು ಬೇರೆ.

ಸರಿಯಾದ ಕ್ರಮ ಇದು:

ನಿಧಾನಕ್ಕೆ ಜಗಿಯಿರಿ. ಮೆಣಸಿನ ಥರ ಚುರುಕು ಹತ್ತಿದ ಕೂಡಲೇ ನಿಲ್ಲಿಸಿ.

ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಇಡಿ. ಎಲೆ ಅಡಿಕೆ ಹಾಕೋ ಅಜ್ಜಿಯರನ್ನ ನೋಡಿದ್ರೆ ಇದು ಹೇಳಿಕೊಡಬೇಕಾಗಿಲ್ಲ.

ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಜಾಗ ಬದಲಾಯಿಸಿ. ಹೀಗೆ ಅರ್ಧ ಗಂಟೆ. ಆಮೇಲೆ ಕಾಗದದಲ್ಲಿ ಸುತ್ತಿ ಕಸಕ್ಕೆ. ಚಿಕ್ಕ ಮಕ್ಕಳ ಕೈಗೆ ಸಿಗೋ ಹಾಗೆ ಎಲ್ಲೂ ಇಡಬೇಡಿ.

ಮುಖ್ಯವಾದದ್ದು: ಗಮ್ಮಿಗೆ ಕಾಲು ಗಂಟೆ ಮೊದಲು, ಗಮ್ಮು ಬಾಯಲ್ಲಿರುವಾಗ ಕಾಫಿ, ಟೀ, ಜ್ಯೂಸ್, ಸೋಡಾ ಏನೂ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯಲ್ಲ. ಈಗ ಯೋಚಿಸಿ, ನಮ್ಮಲ್ಲಿ ಸಿಗರೇಟ್ ಅಂದ್ರೆ ಟೀ ಜೊತೆ. ಸಿಗರೇಟಿನ ಜಾಗಕ್ಕೆ ಗಮ್ಮು ಬಂದರೂ ಟೀ ಹಾಗೇ ಉಳಿದರೆ ಔಷಧಿಯೇ ಕೆಲಸ ಮಾಡಲ್ಲ! ಅಪ್ಪ ಈಗ ಮೊದಲು ಟೀ ಮುಗಿಸಿ, ಬಾಯಿ ಮುಕ್ಕಳಿಸಿ, ಹದಿನೈದು ನಿಮಿಷ ಚೀಟಿ ಬರೆದು ಆಮೇಲೆ ಗಮ್ಮು ಹಾಕ್ತಾರೆ.

2 ಮಿಲಿಗ್ರಾಂ ಗಮ್ಮು ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತೆ. ತುಂಬಾ ಸೇದೋರಿಗೆ 4 ಮಿಲಿಗ್ರಾಂ ಇದೆ, ಅದಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಸುಮಾರು ಹನ್ನೆರಡು ವಾರಕ್ಕೆ ಮುಗಿಸೋದು ಸಾಮಾನ್ಯ ಕ್ರಮ.

8/10

ಇನ್‌ಬಾಕ್ಸಿನ ಉಳಿದ ಪ್ರಶ್ನೆಗಳು.

"ಪೂರ್ತಿ ಬಿಡೋದು ಕಷ್ಟ. ದಿನಕ್ಕೆ ಒಂದು ಸೇದಿದ್ರೆ ಪರವಾಗಿಲ್ವಾ?"

ಇಪ್ಪತ್ತರಿಂದ ಒಂದಕ್ಕೆ ಇಳಿದರೆ ಅಪಾಯವೂ ಇಪ್ಪತ್ತರಲ್ಲಿ ಒಂದು ಪಾಲಾಗುತ್ತೆ ಅಂತ ನಮ್ಮ ಲೆಕ್ಕ. ಹೃದಯದ ಲೆಕ್ಕ ಹಾಗಿಲ್ಲ. ದಿನಕ್ಕೆ ಒಂದೇ ಸೇದುವವರಿಗೂ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಇರುತ್ತೆ ಅಂತ 2018ರಲ್ಲಿ ಹಲವು ಅಧ್ಯಯನಗಳನ್ನ ಕೂಡಿಸಿ ತೋರಿಸಿದ್ದಾರೆ. ಇದನ್ನ ಫಿಕ್ಸೆಡ್ ಕಾಸ್ಟ್ ಅಂದುಕೊಳ್ಳಿ. ಅಂಗಡಿ ಬಾಗಿಲು ತೆಗೆದರೆ ಒಂದೇ ಗಿರಾಕಿ ಬಂದರೂ ಬಾಡಿಗೆ ಕಟ್ಟಲೇಬೇಕು.

"ಗಮ್ಮು ತಗೊಳ್ವಾಗ ಒಂದು ದಿನ ಸೇದಿಬಿಟ್ರೆ?"

ಗಮ್ಮು ಎಸೆಯಬೇಡಿ, ಸಿಗರೇಟ್ ಎಸೆಯಿರಿ. ಜಾರಿದ್ದಕ್ಕೆ ಔಷಧಿ ನಿಲ್ಲಿಸಿದರೆ ಗೆಲ್ಲೋದು ಸಿಗರೇಟೇ.

"ಬಿಟ್ಟ ಮೇಲೆ ಕೈ ನಡುಕ, ಎದೆ ಡಬಡಬ. ಗಮ್ಮಿಂದ ಅಲ್ವಾ?"

ಒಮ್ಮೊಮ್ಮೆ ಕಾಫಿಯಿಂದ! ಹೊಗೆಯಲ್ಲಿರೋ ಕೆಲವು ವಸ್ತುಗಳು ಯಕೃತ್ತು ಕೆಫೀನನ್ನ ಬೇಗ ಕರಗಿಸೋ ಹಾಗೆ ಮಾಡಿರುತ್ತವೆ. ಹೊಗೆ ನಿಂತರೆ ಆ ವೇಗ ಇಳಿಯುತ್ತೆ. ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿಯುತ್ತೆ. ಕಾಫಿ, ಟೀ ಅರ್ಧಕ್ಕೆ ಇಳಿಸಿ ನೋಡಿ. ಕಮ್ಮಿಯಾಗದಿದ್ರೆ, ಎದೆನೋವಿದ್ರೆ ತಡ ಮಾಡದೆ ಆಸ್ಪತ್ರೆ.

"ವೇಪ್ ಮಾಡಿದ್ರೆ ಆಗಲ್ವಾ? ಅದೂ ಹೊಗೆ ಇಲ್ಲ."

ನಮ್ಮ ದೇಶದಲ್ಲಿ 2019ರಿಂದ ಇ-ಸಿಗರೇಟ್ ಮಾರೋದು, ತರಿಸೋದು, ಜಾಹೀರಾತು ಮಾಡೋದು ಎಲ್ಲ ನಿಷೇಧ. ಕದ್ದು ಸಿಗೋ ಆ ಪೆನ್ನಲ್ಲಿ ಎಷ್ಟು ನಿಕೋಟಿನ್ ಇದೆ, ಇನ್ನೇನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಔಷಧಿ ಅಂದ್ರೆ ಎಷ್ಟಿದೆ ಅಂತ ಬರೆದಿರೋದು, ದಿನ ಕಳೆದಂತೆ ಕಮ್ಮಿ ಮಾಡ್ತಾ ಹೋಗೋದು. ಬಬಲ್‌ಗಮ್ ಫ್ಲೇವರ್ ಹಾಕಿ ಇಪ್ಪತ್ತು ವರ್ಷದವರನ್ನ ಕರೆಯೋದಲ್ಲ.

"ಗುಟ್ಕಾ ಹಾಕೋರಿಗೆ?"

ಅದರಲ್ಲಿ ಹೊಗೆ ಇಲ್ಲ ಅನ್ನೋದು ಸಮಾಧಾನ ಅಲ್ಲ. ಬಾಯಿ ಕ್ಯಾನ್ಸರ್ ಎದುರಿಗೇ ಇದೆ. ಅದನ್ನ ಬಿಡೋಕೂ ಸಹಾಯ ಸಿಗುತ್ತೆ, ಕೊನೇ ಭಾಗದಲ್ಲಿ ನಂಬರ್ ಇದೆ.

9/10

ನನ್ನ ಇಷ್ಟದ ಭಾಗ, ಬ್ಯಾಲೆನ್ಸ್ ಶೀಟ್.

ಮೊದಲು ದುಡ್ಡು. ಅಪ್ಪ ಸೇದುತ್ತಿದ್ದ ಸಿಗರೇಟ್ ಒಂದಕ್ಕೆ 10 ರೂಪಾಯಿ, ದಿನಕ್ಕೆ 15. ಅಂದ್ರೆ ದಿನಕ್ಕೆ 150, ವರ್ಷಕ್ಕೆ 54,750. ನನ್ನ ಡಿಗ್ರಿಯ ಒಂದು ವರ್ಷದ ಫೀಸು, ಬಸ್ ಪಾಸು, ಪುಸ್ತಕ ಎಲ್ಲ ಸೇರಿಸಿದರೂ ಅಷ್ಟಾಗಲ್ಲ. ಇದನ್ನ ಹೇಳಿದಾಗ ಅಪ್ಪ ಸುಮ್ಮನಾದರು. ನಾನು ಮುಂದುವರಿಸಲಿಲ್ಲ.

ಗಮ್ಮು ನಮಗೆ ಒಂದಕ್ಕೆ ಹತ್ತು ರೂಪಾಯಿ ಆಸುಪಾಸು ಬಿತ್ತು. ಮೊದಲ ಆರು ವಾರ ದಿನಕ್ಕೆ ಹತ್ತು: 4,200. ಮುಂದಿನ ಮೂರು ವಾರ ದಿನಕ್ಕೆ ಆರು: 1,260. ಕೊನೆಯ ಮೂರು ವಾರ ದಿನಕ್ಕೆ ಮೂರು: 630. ಒಟ್ಟು 6,090. ಅದೇ 84 ದಿನಕ್ಕೆ ಸಿಗರೇಟು 12,600. ಉಳಿತಾಯ 6,510. ಗಮ್ಮು ದುಬಾರಿ ಅನ್ನೋರಿಗೆ ಈ ಲೆಕ್ಕ ತೋರಿಸಿ. ಒಂದೇ ಸಲ ಒಂದು ಸ್ಟ್ರಿಪ್‌ಗೆ ತೊಂಬತ್ತು ನೂರು ಕೊಡುವಾಗ ಜಾಸ್ತಿ ಅನ್ನಿಸುತ್ತೆ. ಹತ್ತತ್ತು ರೂಪಾಯಿ ಹದಿನೈದು ಸಲ ಹೋದರೆ ಯಾರಿಗೂ ಕಾಣಲ್ಲ.

ಈಗ ಹೃದಯದ ಕಡೆ. ಕೊನೇ ಸಿಗರೇಟ್ ಆರಿಸಿದ ಇಪ್ಪತ್ತು ನಿಮಿಷಕ್ಕೆ ನಾಡಿ, ಬಿಪಿ ಇಳಿಯೋಕೆ ಶುರು. ಒಂದೆರಡು ದಿನದೊಳಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಸಾಮಾನ್ಯ ಮಟ್ಟಕ್ಕೆ, ಟವೆಲ್ ಹಾಕಿ ಕೂತವರು ಎದ್ದು ಹೋದರು ಅಂತ ಲೆಕ್ಕ. ಒಂದು ವರ್ಷಕ್ಕೆ, ಸೇದುವುದರಿಂದ ಬಂದಿದ್ದ ಹೃದಯದ ಅಪಾಯ ಸುಮಾರು ಅರ್ಧ. ಹದಿನೈದು ವರ್ಷದ ಹೊತ್ತಿಗೆ ಸೇದದವರ ಹತ್ತಿರ ಹತ್ತಿರ. ಮೊದಲು ದಡದಡ ಇಳಿದು ಆಮೇಲೆ ನಿಧಾನ. ರಿಟನ್ ಡೌನ್ ವ್ಯಾಲ್ಯೂ ಮೆಥಡ್ ನೆನಪಾಯ್ತಾ? ಡಿಪ್ರಿಸಿಯೇಷನ್ ನೋಡಿ ಖುಷಿಯಾಗಿದ್ದು ನನಗೆ ಇದೇ ಮೊದಲು.

ಆಗಲೇ ಹೃದ್ರೋಗ ಬಂದವರಿಗೂ ತಡ ಆಗಿಲ್ಲ. ಹೃದ್ರೋಗ ಇದ್ದೂ ಸೇದೋದನ್ನ ಬಿಟ್ಟವರಲ್ಲಿ ಸಾವಿನ ಅಪಾಯ, ಬಿಡದವರಿಗಿಂತ ಮೂರನೇ ಒಂದು ಭಾಗದಷ್ಟು ಕಮ್ಮಿ ಅಂತ 2003ರ ಒಂದು ದೊಡ್ಡ ವಿಮರ್ಶೆ ಹೇಳುತ್ತೆ. "ಆಗಿದ್ದು ಆಗಿಹೋಯ್ತು, ಇನ್ನು ಬಿಟ್ಟೇನು ಪ್ರಯೋಜನ" ಅನ್ನೋ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಈ ಪ್ಯಾರಾವನ್ನ ಅವರ ಪಕ್ಕ ಕೂತು ಗಟ್ಟಿಯಾಗಿ ಓದಿ.

10/10

ಕೊನೆಯದು ನಮಗೆ, ಅಂದ್ರೆ ನಿಮಗೆ ಮತ್ತೆ ನನಗೆ.

2025ರ ಜೂನ್ ನೆನಪಿದೆಯಾ? ಹಾಸನದ ಸುದ್ದಿ ಟಿವಿ ತುಂಬಾ. ಮೂವತ್ತು ದಾಟದವರ ಫೋಟೊಗಳು. ಜಯದೇವದ ಮುಂದೆ ತಪಾಸಣೆಗೆ ಬೆಳಗಿನ ಜಾವದಿಂದ ಕ್ಯೂ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಹೆದರಿದ್ವಿ. ಒಂದು ವಾರ. ಎಂಟನೇ ದಿನ ಕಾಲೇಜ್ ಹಿಂದಿನ ಗೋಡೆಯ ಹತ್ತಿರ ಮತ್ತೆ ಅದೇ ಹೊಗೆ.

ನಮ್ಮ ರಾಜ್ಯದ ತಿದ್ದುಪಡಿ ಕಾನೂನು ಬಂದ ಮೇಲೆ 21 ತುಂಬದವರಿಗೆ ತಂಬಾಕು ಮಾರೋ ಹಾಗಿಲ್ಲ, ಬಿಡಿ ಸಿಗರೇಟ್ ಮಾರೋ ಹಾಗಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಅಂಗಡಿಯೇ ಇರೋ ಹಾಗಿಲ್ಲ. ಕಾನೂನು ಎಷ್ಟು ಪಾಲನೆ ಆಗ್ತಿದೆ ಅಂತ ನಿಮಗೂ ಗೊತ್ತು. ಅದಕ್ಕೇ ನಾನು ಕಾನೂನಿನ ಹೆಸರಲ್ಲಿ ಹೆದರಿಸಲ್ಲ.

ನಿಮಗೆ ಇಪ್ಪತ್ತು ವರ್ಷ ಆಗಿದ್ದರೆ, ದಿನಕ್ಕೆ ನಾಲ್ಕೈದು ಇದ್ದರೆ, ಬಿಡೋಕೆ ಇದಕ್ಕಿಂತ ಅಗ್ಗದ ಕಾಲ ಮುಂದೆ ಬರಲ್ಲ. ಸಾಲ ಚಿಕ್ಕದಿದ್ದಾಗಲೇ ತೀರಿಸೋದು ಜಾಣತನ. ಅಪ್ಪ ಇಪ್ಪತ್ತಾರು ವರ್ಷದ ಬಡ್ಡಿ ಕಟ್ತಿದಾರೆ, ಅದನ್ನ ದಿನಾ ನೋಡ್ತಿದೀನಿ.

ಸಹಾಯಕ್ಕೆ: ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, 1800-11-2356. ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಬೈಯಲ್ಲ. ಯಾವ ದಿನ ಬಿಡ್ತೀರಿ ಅಂತ ನಿಮ್ಮಿಂದಲೇ ತಾರೀಖು ಹಾಕಿಸ್ತಾರೆ, ಆಮೇಲೂ ಫೋನ್ ಮಾಡಿ ವಿಚಾರಿಸ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರ ಎಲ್ಲಿ ಅಂತ ಕೇಳಿದರೂ ದಾರಿ ತೋರಿಸ್ತಾರೆ.

ಅಪ್ಪ ಹೇಗಿದಾರೆ ಅಂತ ಕೇಳ್ತೀರಿ. ಕೊನೇ ಸಿಗರೇಟಿಗೆ ಇವತ್ತಿಗೆ 131 ದಿನ. ಈಗ ದಿನಕ್ಕೆ ಒಂದು ಗಮ್ಮು, ಕೆಲವು ದಿನ ಅದೂ ಇಲ್ಲ. ಹರಾಜಿನ ದಿನ ಮಾತ್ರ ಎರಡು ಬೇಕಾಗುತ್ತೆ. ಹನ್ನೆರಡು ವಾರ ದಾಟಿತಲ್ಲ ಅಂತ ಡಾಕ್ಟರನ್ನ ಕೇಳಿದ್ವಿ, "ಅವಸರ ಬೇಡ, ಹೊಗೆಗೆ ವಾಪಸ್ ಹೋಗೋದಕ್ಕಿಂತ ಇನ್ನೂ ಒಂದು ತಿಂಗಳು ಗಮ್ಮೇ ವಾಸಿ" ಅಂದರು. ಪೂರ್ತಿ ಗೆದ್ದರು ಅಂತ ನಾನು ಬರೆಯಲ್ಲ. ಲೆಕ್ಕದವರ ಮನೆಯಲ್ಲಿ ವರ್ಷ ಮುಗಿಯದೆ ಖಾತೆ ಮುಚ್ಚಲ್ಲ.

ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಮಾಡಿದವರೇ, ನಿಮ್ಮ ಹೆಸರು ನನ್ನ ಹತ್ತಿರವೇ ಇರುತ್ತೆ. ಒಂದು ತಾರೀಖು ಆರಿಸಿ. ಸೋಮವಾರವೇ ಆಗಬೇಕು ಅಂತಿಲ್ಲ, ಇಂಟರ್ನಲ್ಸ್ ಮುಗಿದ ಮಾರನೇ ದಿನವಾದರೂ ಸರಿ. ಆ ದಿನ ಟೀ ನನ್ನ ಲೆಕ್ಕದಲ್ಲಿ. ಕುಡಿದು ಹದಿನೈದು ನಿಮಿಷ ಆದಮೇಲೆ ಗಮ್ಮು, ಮರೀಬೇಡಿ.

#ಹೊಗೆಬಿಡಿ #ಹೃದಯದಲೆಕ್ಕ #ಬಿಕಾಂಹುಡುಗಿ #ತಿಪಟೂರು